ಮನೆದೇವರ ಹಣೆ

ಮಾಳವಿಕಾ ಫೋನ್ ಮುಗಿಸಿ ತಿರುಗುವಷ್ಟರಲ್ಲಿ ಅನಾಹುತ ನಡೆದುಹೋಗಿತ್ತು. ಅಮ್ಮನ ಬೆರಳು ಕೆಂಪು. ಅಮ್ಮನ ಹಣೆ ಕೆಂಪು. ಎದುರಿಗಿದ್ದ ಕಲ್ಲುದೇವರ ಹಣೆಯೂ ಕೆಂಪು.

ಆ ದೇವರು ಅಂತಿಂಥದ್ದಲ್ಲ. ರೋಮನ್ನರು ಇಂಗ್ಲೆಂಡನ್ನು ಆಳುತ್ತಿದ್ದಾಗ ಹಳ್ಳಿಯೊಂದರಲ್ಲಿ ಕಟ್ಟಿಸಿದ ಬಂಗಲೆಯ ಮನೆದೇವರು. ಸಾವಿರದ ಏಳುನೂರು ವರ್ಷ ಹೊಲದಡಿ ಗಡದ್ದಾಗಿ ನಿದ್ದೆ ಹೊಡೆದು, ಮುರಿದ ಗೋಡೆ, ಬಣ್ಣದ ಹರಳಿನ ನೆಲದ ಸಮೇತ ವಿಮಾನ ಹತ್ತಿ ಡೆಟ್ರಾಯಿಟ್ ಪಕ್ಕದ ಈ ಮ್ಯೂಸಿಯಮ್ಮಿಗೆ ಬಂದಿಳಿದಿತ್ತು. ಕೆಲಸಗಾರರು ಆಗಷ್ಟೇ ಪೆಟ್ಟಿಗೆ ಬಿಚ್ಚಿ ಹೋಗಿದ್ದರು. ಮಾಳವಿಕಾ ಇನ್ನೂ ಅದರ ಮುಖ ನೋಡಿರಲಿಲ್ಲ. ಕಾಯುವ ಜವಾಬ್ದಾರಿ ಮಾತ್ರ ಅವಳದೇ.

ಫೋನಿನಲ್ಲಿದ್ದವಳು ಇಂಗ್ಲೆಂಡಿನ ತಜ್ಞೆ. "ಕೆಳಗೆ ಬಂದಿದ್ದೇನೆ. ಯಾರೂ ಮುಟ್ಟಬೇಡಿ. ಅದರಲ್ಲೊಂದು ವಿಶೇಷವಿದೆ, ನಾನೇ ತೋರಿಸುತ್ತೇನೆ" ಎಂದಿದ್ದಳು.

ಅಮ್ಮ ನೀಲಾಂಬಿಕಾ ಕೈಮುಗಿದು ನಿಂತಿದ್ದಳು. ರಾಚೆಸ್ಟರ್ ಹಿಲ್ಸ್‌ನ ಮನೆಯಲ್ಲಿ ಅವಳ ಕುಂಕುಮ ತಪ್ಪಿಸಿಕೊಂಡ ವಸ್ತುವೇ ಇರಲಿಲ್ಲ. ಹೊಸ ಕಾರು, ಹೊಸ ಫ್ರಿಜ್, ಕಡೆಗೆ ಪಕ್ಕದ ಮನೆಯವರ ಹುಲ್ಲು ಕತ್ತರಿಸುವ ಮಷಿನ್ನಿಗೂ ಬೊಟ್ಟು. ಅದಕ್ಕೇ ಮಾಳವಿಕಾ ಅವಳ ಬ್ಯಾಗನ್ನು ಕೆಳಗೆ ಗಾರ್ಡ್ ಹತ್ತಿರ ಬಿಡಿಸಿ ಕರೆತಂದಿದ್ದಳು. ಸೆರಗಿನ ಗಂಟು ನೋಡುವುದು ಮರೆತಿದ್ದಳು.

"ಅಮ್ಮಾ, ಇದು ಯಾರಿಗಾದ್ರೂ ಗೊತ್ತಾದ್ರೆ ನನ್ನ ಜಾಬ್ ಹೋಗುತ್ತೆ."

"ದೇವರಿಗೆ ಕೈ ಮುಗದ್ರ ಯಾವ ಜಾಬ್ ಹೋಗ್ತೈತಿ?"

ಲಿಫ್ಟ್ ಮೇಲೇರುವ ಸದ್ದು ಕೇಳಿಸಿತು. ಮಾಳವಿಕಾ ಹತ್ತಿ ತೋಯಿಸಿ ಕಲ್ಲಿನ ಹಣೆ ಉಜ್ಜತೊಡಗಿದಳು. ಕೆಂಪು ಮೊಂಡು ಹಿಡಿದಿತ್ತು. ಇನ್ನೊಂದು ಹತ್ತಿ, ಮತ್ತೊಂದು.

"ಒರಸಬ್ಯಾಡವ್ವಾ, ಎಷ್ಟು ಚಂದ ಕಾಣ್ತಿತ್ತು."

"ಸುಮ್ನಿರಮ್ಮ, ಪ್ಲೀಸ್."

ಕೊನೆಯ ಕಲೆಯೂ ಹೋಯಿತು. ಹಣೆ ಈಗ ತೊಳೆದ ಪಾತ್ರೆಯಂತೆ ಬೋಳು. ಹತ್ತಿಯನ್ನೆಲ್ಲ ಮುದುರಿ ಜೇಬಿಗೆ ತುರುಕಿ ಅವಳು ಅಮ್ಮನ ಕಡೆ ತಿರುಗಿದಳು.

"ನಿನ್ ಹಣೆನೂ ಒರೆಸ್ಕೋ. ಇಲ್ಲೂ ಯಾಕಮ್ಮ ಕುಂಕುಮ ಹಚ್ಚೋಕ್ ಹೋದೆ?"

ಲಿಫ್ಟಿನ ಬಾಗಿಲು ತೆರೆಯಿತು.

"ನಾ ಎಲ್ಲಿ ಹಚ್ಚೇನಿ? ಪೆಟ್ಟಿಗಿಯಿಂದ ಬರೂವಾಗ್ಲೇ ದೇವರ ಹಣಿ ಮ್ಯಾಲ ಇತ್ತು. ಅದನ್ನ ಒಂಚೂರು ಬೆರಳಿಗಿ ತಗೊಂಡು, ನಾನ ಹಚ್ಚಿಕೊಂಡೆ."