ಪಕ್ಕದ ಸೀಟು

ಮೂರನೇ ಸಲವೂ ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾದೆ. ಪರೀಕ್ಷೆ ಮಾಡಿದ ಹುಡುಗಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನನ್ನ ತಪ್ಪುಗಳನ್ನು ಚೀಟಿಯಲ್ಲಿ ಬರೆದು, ನನಗೆ ನೋವಾಗದ ಹಾಗೆ ಮೆಲ್ಲಗೆ ಓದಿ ಹೇಳಿದಳು: ಖಾಲಿ ರಸ್ತೆಯಲ್ಲಿ ಹಾರ್ನ್ ಹೊಡೆದದ್ದು, ತಿರುಗುವಾಗ ಕಿಟಕಿಯಿಂದ ಕೈ ಹೊರಗೆ ಹಾಕಿ ತೋರಿಸಿದ್ದು, ರಸ್ತೆ ದಾಟಲು ಕಾಯುತ್ತಿದ್ದ ಅಜ್ಜಿಯನ್ನು ಕಂಡೂ, ಹೇಗಿದ್ದರೂ ಅವರು ನಿಂತಿದ್ದಾರಲ್ಲ ಎಂದು ನಾನು ಮುಂದೆ ಹೋದದ್ದು. "ನೀವು ಹೊಸಬರು, ನಿಧಾನಕ್ಕೆ ಬರುತ್ತದೆ" ಎಂದು ಧೈರ್ಯವನ್ನೂ ತುಂಬಿದಳು.

ಊರಿನಲ್ಲಿ ಹದಿನೆಂಟು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವನಮ್ಮಾ ನಾನು ಎಂದು ಹೇಳಲು ಬಾಯಿ ತೆರೆದೆ. ಈ ದೇಶದ ಭಾಷೆಯಲ್ಲಿ ನನಗೆ ಬರುವ ಪದಗಳನ್ನೆಲ್ಲ ಒಟ್ಟು ಹಾಕಿದರೂ ಅಷ್ಟು ದೊಡ್ಡ ವಾಕ್ಯ ಆಗುವಂತಿರಲಿಲ್ಲ. ತಲೆಯಾಡಿಸಿ ಇಳಿದೆ.

ಕಾರಿಡಾರಿನ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು. ನನ್ನ ನಂತರದ ಸರದಿ ಅವಳದು. ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ ಸಿಕ್ಕಿ ಈ ದೇಶಕ್ಕೆ ಬಂದವಳು ಅವಳು. ಅವಳ ಹಿಂದೆ ಸೂಟ್‌ಕೇಸು ಎಳೆದುಕೊಂಡು ಬಂದವರು ನಾನು ಮತ್ತು ಮಗಳು. ಮುಂದಿನ ತಿಂಗಳಿನಿಂದ ಅವಳ ಬೆಳಗಿನ ಬಸ್ಸು ರದ್ದಾಗಲಿತ್ತು. ಅವಳನ್ನು ಕೆಲಸಕ್ಕೆ, ಮಗಳನ್ನು ಶಾಲೆಗೆ ಬಿಟ್ಟು ಬರುವ ನೆಪದಲ್ಲಿ ಮನೆಯಲ್ಲಿ ನನಗೂ ಒಂದು ಹುದ್ದೆಯಾಗಲಿ ಎಂದು ನಾಲ್ಕು ತಿಂಗಳ ಹಿಂದೆ ಹಳೆಯ ಕಾರೊಂದನ್ನು ಕೊಂಡಿದ್ದೆವು. ಭಾನುವಾರ ಭಾನುವಾರ ಅದನ್ನು ತೊಳೆದು, ಒರೆಸಿ, ಹತ್ತು ನಿಮಿಷ ಎಂಜಿನ್ ಓಡಿಸಿ ಆರಿಸುವುದೇ ಸದ್ಯಕ್ಕೆ ನನ್ನ ಹುದ್ದೆ.

"ಏನಾಯ್ತು?" ಎಂದಳು.

"ಅದೇ ಆಯ್ತು."

"ಮತ್ತೆ ಹಾರ್ನಾ?"

"ಹಾರ್ನು, ಕೈ, ಜೊತೆಗೆ ಒಬ್ರು ಅಜ್ಜಿ."

"ಅಯ್ಯೋ ದೇವ್ರೆ, ಅಜ್ಜಿಗೇನಾಯ್ತು?"

"ಅಜ್ಜಿ ಚೆನ್ನಾಗೇ ಇದಾರೆ. ಹೋಗಿದ್ದು ನಾನು."

ಅವಳು ತುಟಿ ಕಚ್ಚಿ ನಗು ತಡೆದುಕೊಂಡಳು. ಅವಳಿಗೆ ಕಾರು ಕಲಿಸಿದ್ದು ಜೊತೆಯಲ್ಲಿ ಕೆಲಸ ಮಾಡುವ ಹೆಂಗಸು, ತನ್ನದೇ ಕಾರಿನಲ್ಲಿ. ಊರಿನಲ್ಲಿ ಒಮ್ಮೆ ನಾನು ಕಲಿಸಲು ಹೋಗಿ ಐದೇ ನಿಮಿಷಕ್ಕೆ ಕೂಗಾಡಿದ್ದೆ. ಅವಳು ಕಾರನ್ನು ಮೈದಾನದ ನಡುವೆ ಬಿಟ್ಟು ನಡೆದೇ ಮನೆ ಸೇರಿದ್ದಳು. "ನಿನಗೆ ಈ ಜನ್ಮದಲ್ಲಿ ಡ್ರೈವಿಂಗ್ ಬರಲ್ಲ" ಎಂಬುದು ಅಂದು ನಾನು ಕೊಟ್ಟ ಸರ್ಟಿಫಿಕೇಟು.

"ನೋಡು, ಸೆಕೆಂಡ್ ಗೇರಿಗೆ ಹಾಕುವಾಗ..." ಎಂದು ಶುರು ಮಾಡಿದೆ.

"ನೀವೇನೂ ಹೇಳ್ಬೇಡಿ ರೀ. ಬರೋದೂ ಮರೆತುಹೋಗುತ್ತೆ" ಎಂದು ಅವಳು ಎದ್ದು ಹೋದಳು.

ಕಿಟಕಿಗೆ ಮುಖ ಹಚ್ಚಿ ನಿಂತೆ. ಅದೇ ಕಾರು, ಅದೇ ಹುಡುಗಿ. ನಿಜ ಹೇಳಬೇಕೆಂದರೆ, ಹೆಂಡತಿ ಪಾಸಾಗಲಿ ಎಂದು ನಾನು ಬೇಡಿಕೊಳ್ಳಲಿಲ್ಲ. ದೊಡ್ಡ ತಪ್ಪೇನೂ ಆಗುವುದು ಬೇಡ, ನಿಲ್ಲಿಸುವಾಗ ಚಕ್ರ ಫುಟ್‌ಪಾತಿನ ಅಂಚಿಗೆ ಒಂದಿಷ್ಟು ತಾಗಿದರೆ ಸಾಕು ಎಂದುಕೊಂಡೆ. ಗಂಡ ಹೆಂಡತಿ ಇಬ್ಬರೂ ಫೇಲಾದರೆ ಅದು ಈ ದೇಶದ ತಪ್ಪು. ಒಬ್ಬನೇ ಆದರೆ ಆ ಒಬ್ಬನದು.

ಅರ್ಧ ಗಂಟೆಯ ಮೇಲೆ ಕಾರು ಬಂದು, ಮಡಿಸಿದ ಸೀರೆಯನ್ನು ಬೀರುವಿನಲ್ಲಿಟ್ಟ ಹಾಗೆ, ಎರಡು ಗೆರೆಗಳ ನಡುವೆ ನಿಂತಿತು. ಹುಡುಗಿ ಇಳಿದವಳೇ ಹೆಂಡತಿಯ ಕೈ ಕುಲುಕಿದಳು. ನಾನು ಹೊರಗೆ ಬರುವ ಹೊತ್ತಿಗೆ, "ಬಹಳ ಚೆನ್ನಾಗಿ ಓಡಿಸುತ್ತೀರಿ. ಯಾರು ಕಲಿಸಿದ್ದು?" ಎಂದು ಕೇಳುತ್ತಿದ್ದಳು.

ಹೆಂಡತಿ ನನ್ನ ಕಡೆ ಕೈ ತೋರಿಸಿ, ತನಗೆ ಬರುವಷ್ಟು ಭಾಷೆಯಲ್ಲಿ ಹೇಳಿದಳು. "ನಮ್ಮವರು. ಡ್ರೈವಿಂಗ್ ಮೇಷ್ಟ್ರು."

ಹುಡುಗಿ ನನ್ನನ್ನು ನೋಡಿದಳು. ನನ್ನ ಕೈಯಲ್ಲಿದ್ದ ಚೀಟಿಯನ್ನು ನೋಡಿದಳು. ಇಲ್ಲಿಯವರು ಸಭ್ಯರು, ನಗಲಿಲ್ಲ. "ಹೌದೇ?" ಎಂದಷ್ಟೇ ಅಂದು ಒಳಗೆ ಹೋದಳು. ಬಾಗಿಲು ಮುಚ್ಚಿದ ಮೇಲೆ ಏನು ಮಾಡಿದಳೋ ತಿಳಿಯದು.

ಮನೆಗೆ ಹೋಗುವ ಬಸ್ಸಿಗೆ ಕಾಯುತ್ತ ಕೇಳಿದೆ. "ಸುಳ್ಳು ಯಾಕೆ ಹೇಳ್ದೆ?"

"ಬೆಳಗ್ಗೆಯಿಂದ ಹರಳೆಣ್ಣೆ ಕುಡಿದ ಹಾಗೆ ಮುಖ ಮಾಡ್ಕೊಂಡಿದ್ರಿ. ನೋಡೋಕಾಗ್ಲಿಲ್ಲ."

ಕೈಯಲ್ಲಿದ್ದ ಚೀಟಿಯನ್ನು ಮಡಿಸಿ ಜೇಬಿಗಿಟ್ಟೆ. "ನೀನು ಫೇಲಾದ್ರೆ ಸಾಕು ಅಂದ್ಕೊಂಡಿದ್ದೆ ಕಣೇ" ಎಂದೆ.

"ಗೊತ್ತು," ಎಂದಳು ಅವಳು, ಬಸ್ಸು ಬರುವ ದಾರಿಯನ್ನು ನೋಡುತ್ತ. "ಹೊರಡುವಾಗ ಕಿಟಕೀಲಿ ನಿಮ್ಮ ಮುಖ ಕಾಣ್ತಿತ್ತು."

ಸಂಜೆ ಮಗಳು ಶಾಲೆಯಿಂದ ಬಂದ ಮೇಲೆ, ಮಾರಿದವನು ತಂದು ನಿಲ್ಲಿಸಿ ಹೋಗಿದ್ದ ಜಾಗ ಬಿಟ್ಟು ನಮ್ಮ ಕಾರು ಮೊದಲ ಸಲ ಕದಲಿತು. ಹೆಂಡತಿ ಓಡಿಸುತ್ತಿದ್ದಳು, ಹಿಂದೆ ಮಗಳು, ಪಕ್ಕದಲ್ಲಿ ನಾನು. ಪಕ್ಕದ ಸೀಟು ನನಗೆ ಹೊಸದಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರು ಕೂರುವುದು ಅಲ್ಲೇ. ಅವರ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಒಂದು ಮಾತೂ ಆಡಬಾರದೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಕಾಲಿಗೆ ಹೇಳುವುದು ಮರೆತಿತ್ತು. ನಾಲ್ಕು ರಸ್ತೆ ಕೂಡುವಲ್ಲಿ ದೀಪ ಕೆಂಪಾಯಿತು ನೋಡಿ, ಬಲಗಾಲು ತಾನಾಗಿಯೇ ಹೋಗಿ ಬರಿಯ ನೆಲವನ್ನು ಬಲವಾಗಿ ಒತ್ತಿತು.

"ಅಪ್ಪ, ಅಲ್ಲೇನೂ ಇಲ್ವಲ್ಲ, ಯಾಕೆ ತುಳೀತಿದೀಯಾ?" ಎಂದಳು ಮಗಳು, ಸೀಟುಗಳ ನಡುವೆ ಇಣುಕಿ.

ಕಾರು ಬಿಳಿ ಗೆರೆಗೆ ಒಂದು ಗೇಣು ಈಚೆಗೆ, ಕುಲುಕದೆ ನಿಂತಿತು.

ಹೆಂಡತಿ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು. "ಸರಿಯಾದ ಹೊತ್ತಿಗೆ ಬ್ರೇಕ್ ಹಾಕಿದ್ರಿ ರೀ."