ಸರೋಜತ್ತೆ ಹೊರಟ ಮಧ್ಯಾಹ್ನ

ಮೈದಾ ಅಂಟು ಕಾಯಿಸುವ ವಾಸನೆ ಬಂದರೆ ಇವತ್ತಿಗೂ ನನಗೆ ಭದ್ರಾವತಿ ಓಲ್ಡ್ ಟೌನಿನ ನಮ್ಮ ಮನೆ, ಸರೋಜತ್ತೆ ಹೊರಟ ಆ ಮಧ್ಯಾಹ್ನ ನೆನಪಾಗುತ್ತದೆ.

ಚುನಾವಣೆ ಹತ್ತಿರವಿತ್ತು. ಯೂನಿಯನ್ನಿನಲ್ಲಿದ್ದ ಅಪ್ಪ ಪೋಸ್ಟರ್ ಹಚ್ಚಲು ಅಂಗಳದಲ್ಲಿ ಅಂಟು ಕಾಯಿಸುತ್ತಿದ್ದರು. ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಚಿಕ್ಕಪ್ಪ ಎದುರು ಪಕ್ಷದವರು. ಅಣ್ಣತಮ್ಮಂದಿರು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಆದರೆ ತಂಗಿ ಸರೋಜ ನರ್ಸ್ ಕೆಲಸಕ್ಕೆ ಮಸ್ಕತ್ತಿಗೆ ಹೊರಟಿದ್ದಾಳೆಂದು ತಿಳಿದ ಚಿಕ್ಕಪ್ಪ ಅವತ್ತು ನಮ್ಮ ಮನೆಗೇ ಬಂದುಬಿಟ್ಟರು. ಅಪ್ಪ ಅಂಟು ಮೆತ್ತಿದ ಕೈಯಲ್ಲೇ ಕುರ್ಚಿ ಎಳೆದುಕೊಟ್ಟರು.

"ಹೆಣ್ಣುಮಗಳು ಒಬ್ಬಳೇ ಅಷ್ಟು ದೂರ ಹೋಗೋದು ಬೇಡ" ಎಂದರು ಚಿಕ್ಕಪ್ಪ.

"ಅವನು ಹೇಳೋದು ಸರಿ" ಎಂದರು ಅಪ್ಪ. ಅಪ್ಪನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಂತೂ ಮಕ್ಕಳು ಮಾತಾಡಿದ್ರಲ್ಲ" ಎಂದಳು.

ಅತ್ತೆ ಸೂಟ್‌ಕೇಸು ಹಿಡಿದು ಹೊರಬಂದಳು. "ನನ್ನ ತಡಿಯೋಕೆ ಮಾತ್ರ ಇಬ್ರೂ ಒಂದಾದ್ರಾ? ಅಮ್ಮ ಆಸ್ಪತ್ರೇಲಿದ್ದಾಗ ಒಬ್ರು ಬಂದ್ರೆ ಇನ್ನೊಬ್ರು ಎದ್ದು ಹೋಗ್ತಿದ್ರಿ. ಆವಾಗೂ ನಾನು ಒಬ್ಬಳೇ ಇದ್ದೆ. ಈಗ್ಲೂ ಒಬ್ಬಳೇ ಹೋಗ್ತೀನಿ."

ಅಪ್ಪ ಅಂಗಳದ ಗೇಟಿಗೆ ಅಡ್ಡ ನಿಂತರು. ಚಿಕ್ಕಪ್ಪನೂ ಎದ್ದು ಅವರ ಪಕ್ಕ ನಿಂತರು. "ಹೋದ್ರೆ ವಾಪಸ್ ಈ ಮನೆಗೆ ಬರ್ಬೇಡ" ಎಂದರು ಅಪ್ಪ.

ಅಜ್ಜಿ ಎದ್ದುಬಂದಳು. ಮಗಳ ಹಣೆಗೆ ಕುಂಕುಮವಿಟ್ಟು ಗಂಡುಮಕ್ಕಳ ಕಡೆ ತಿರುಗಿದಳು. "ಮನೆ ನನ್ನದು. ಅವಳು ಯಾವಾಗ ಬೇಕಾದ್ರೂ ಬರ್ತಾಳೆ. ದಾರಿ ಬಿಡ್ರೋ!"

ಒಬ್ಬರು ಈ ಬದಿಗೆ, ಇನ್ನೊಬ್ಬರು ಆ ಬದಿಗೆ ಸರಿದರು. ಅತ್ತೆ ಅವರ ನಡುವೆಯೇ ತಲೆ ಎತ್ತಿ ನಡೆದುಹೋದಳು. ಚಿಕ್ಕಪ್ಪ ಕಾಫಿಯನ್ನೂ ಕುಡಿಯದೆ ಶಿವಮೊಗ್ಗದ ಬಸ್ಸು ಹಿಡಿದರು.