ಚಾಲಕನ ಕಡೆಯ ಬಾಗಿಲು

ವೆಲ್ಮಾ ನೆಟ್ಟಗೆ ಚಾಲಕನ ಬಾಗಿಲಿಗೆ ಹೋಗಿ ಕಿಟಕಿಯ ಅಂಚನ್ನು ಬೆರಳಿನಿಂದ ತಡಕತೊಡಗಿದಳು. ತೀರಿಹೋದ ಅವಳ ಗಂಡನ ಹಳೆಯ ಪಿಕಪ್ಪನ್ನು ಮೈದುನ ಹಾರ್ಲನ್ ನೆಬ್ರಾಸ್ಕದ ಎರಡು ಚಳಿಗಾಲ ತನ್ನ ಶೆಡ್ಡಿನಲ್ಲಿಟ್ಟುಕೊಂಡು ಹೊಸದರಂತೆ ಮಾಡಿದ್ದ.

"ಹೆಂಗಿದೆ ಅತ್ಗೆ? ನಮ್ಮಣ್ಣ ಜನ್ಮದಲ್ಲಿ ಒಂದ್ಸಲಾನೂ ತೊಳೀಲಿಲ್ಲ ಇದನ್ನ!" ಎಂದು ಹಾರ್ಲನ್ ನಕ್ಕ.

"ಇಲ್ಲಿ ಬಣ್ಣ ಸವೆದು ತಗಡು ಕಾಣ್ತಿತ್ತಲ್ಲ, ಅಂಗೈಯಗಲ?"

"ಅಯ್ಯೋ, ಮೊದ್ಲು ಅದನ್ನೇ ಉಜ್ಜಿ ಮುಚ್ಚಿದ್ದು. ಈಗ ಹುಡುಕಿದ್ರೂ ಸಿಗಲ್ಲ."

"ಮೂವತ್ತು ವರ್ಷ ಅಲ್ಲೇ ಮೊಣಕೈ ಊರಿ ಓಡಿಸ್ದ ಕಣೋ," ಎಂದಳು ವೆಲ್ಮಾ. "ಅದನ್ನ ನೋಡೋಕೇ ಬಂದಿದ್ದೆ."

ಹಾರ್ಲನ್ ಕೈಯಲ್ಲಿದ್ದ ಬಟ್ಟೆಯಿಂದ, ಅಭ್ಯಾಸಬಲದಿಂದ, ಹೊಳೆಯುವ ಬಣ್ಣದ ಮೇಲೆ ಮೂಡಿದ್ದ ಅವಳ ಬೆರಳ ಗುರುತುಗಳನ್ನೂ ಒರೆಸಿಬಿಟ್ಟ.